ಮಂಗಳೂರಿನಿಂದ ಹಿಂದಕ್ಕೆ ಕಳಿಸಿದ ಸನ್ಯಾಸಿನಿ: ಮರಿಯಮ್ ಬವಾರ್ದಿಯ ಬದುಕು ಮತ್ತು ಸಾವು



ನಮ್ಮ ವಳಸಂಗದ ಕಡೆ, ಒಟ್ಟು ಜತ್ತ ತಾಲೂಕಿನಲ್ಲೇ ಅನ್ನಿ, ‘ಸಿಸ್ಟರ್’ ಅಂದರೆ ದವಾಖಾನೆಯ ನರ್ಸಬಾಯಿ. ದೊಡ್ಡ ಜಡ್ಡು ಬಂದರೆ ಮಿರಜಕ್ಕೆ ಒಯ್ಯುವುದು ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಅಲ್ಲಿನ ಮಿಶನ್ ದವಾಖಾನೆಯನ್ನು 1894ರಲ್ಲಿ ಡಾಕ್ಟರ್ ವಾನ್ಲೆಸ್ ಶುರುಮಾಡಿದರು. ಹೀಗಾಗಿ ಕ್ರೈಸ್ತರೆಂದರೆ ಮಿಶನ್, ಮಿಶನ್ ಎಂದರೆ ದವಾಖಾನೆ, ದವಾಖಾನೆ ಎಂದರೆ ಸಿಸ್ಟರ್ ಎಂದು ನಮ್ಮ ಲೆಕ್ಕ ಕುಳಿತುಬಿಟ್ಟಿದೆ. ಆದರೆ ಮಿರಜದ್ದು ಪ್ರೊಟೆಸ್ಟಂಟ್ ಮಿಶನ್. ಮನೆ-ಮಾರು ಬಿಟ್ಟು, ಮದುವೆ ಬೇಡವೆಂದು, ಮಠದೊಳಗೆ ವ್ರತ ಹಿಡಿದು ಬಾಳುವ ಸನ್ಯಾಸಿನಿಯರು ಕಥೋಲಿಕ ಸಂಪ್ರದಾಯದವರು. ಅವರನ್ನೂ ಸಿಸ್ಟರ್ ಎಂದೇ ಕರೆಯುತ್ತಾರೆ. ಕನ್ನಡದ ಕಥೋಲಿಕರು ಧರ್ಮಭಗಿನಿ ಎನ್ನುತ್ತಾರೆ.

ನಮ್ಮ ಬಳಗದ ಹುಡುಗಿಯೊಬ್ಬಳು ಓದಲು ಮಂಗಳೂರಿಗೆ ಹೋಗಿ ಬಂದು, ‘ಅಲ್ಲಿ ಕೆಲವು ಸಿಸ್ಟರ್‌ಗಳು ಕಾಲೇಜು ನಡೆಸತಾರ, ಕೆಲವರು ಮಠದ ಬಾಗಿಲ ದಾಟಿ ಹೊರಗ ಬರೂದೇ ಇಲ್ಲ. ಇದೇನು ಲೆಕ್ಕ?’ ಎಂದು ಕೇಳಿದ್ದಳು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಮರಿಯಮ್ ಬವಾರ್ದಿಯ ಕತೆ. ಹುಟ್ಟಿದ್ದು ಪ್ಯಾಲೆಸ್ತೀನಿನ ಹಳ್ಳಿಯಲ್ಲಿ, ವ್ರತ ತೊಟ್ಟಿದ್ದು ಮಂಗಳೂರಿನಲ್ಲಿ. ಅಲ್ಲಿಂದ ಹಿಂದಕ್ಕೆ ಕಳಿಸಿಕೊಂಡು, ಕೊನೆಗೆ ಬೆತ್ಲೆಹೇಮಿನಲ್ಲಿ ಮಣ್ಣಾದಳು. 2015ರಲ್ಲಿ ಕಥೋಲಿಕ ಸಭೆ ಆಕೆಯನ್ನು ಸಂತಳೆಂದು ಸಾರಿತು. ನಾಡಿನ ನೆಲದಲ್ಲಿ ಎರಡು ವರ್ಷ ಕಳೆದ ಈ ಹೆಣ್ಣುಮಗಳ ಹೆಸರು ಕರಾವಳಿಯ ಕ್ರೈಸ್ತರ ಮನೆಗಳ ಆಚೆ ಕನ್ನಡಿಗರಿಗೆ ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಈ ಬರಹ.

(ಅಕ್ಕಮಹಾದೇವಿಯನ್ನು, ಗುಡ್ಡಾಪುರದ ದಾನಮ್ಮನನ್ನು ನಾವು ಏಕವಚನದಲ್ಲೇ ಕರೆಯುತ್ತೇವೆ. ಮರಿಯಮ್‌ಳನ್ನೂ ಹಾಗೇ ಕರೆದರೆ ಯಾರೂ ಬೇಸರಪಡಬಾರದು.)

ಮರಿಯಮ್ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲಾಯ ಸೀಮೆಯ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಆಗ ಅದು ತುರ್ಕರ ಆಳ್ವಿಕೆಯ ಪ್ರದೇಶ. ಮನೆಮಾತು ಅರಬ್ಬಿ. ಅರಬ್ಬಿ ಮಾತಾಡುವವರೆಲ್ಲ ಮುಸ್ಲಿಮರೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಅಲ್ಲಿ ಕ್ರೈಸ್ತರು ಮೊದಲಿನ ಶತಮಾನಗಳಿಂದ ಇದ್ದಾರೆ. ಮರಿಯಮ್‌ಳ ಮನೆಯವರು ಮೆಲ್ಕೈಟ್ ಎಂಬ ಪೂರ್ವದೇಶದ ಕಥೋಲಿಕ ಪಂಗಡದವರು. ತಂದೆ ತಾಯಿಗೆ ಮೊದಲು ಹನ್ನೆರಡು ಗಂಡುಮಕ್ಕಳು ಹುಟ್ಟಿ, ಹನ್ನೆರಡೂ ಕೂಸಿದ್ದಾಗಲೇ ತೀರಿಹೋಗಿದ್ದವು. ಆಮೇಲೆ ಗಂಡ ಹೆಂಡತಿ ಹೆಣ್ಣು ಕೂಸೊಂದನ್ನು ಬೇಡಿಕೊಂಡು ಬೆತ್ಲೆಹೇಮಿಗೆ ನಡೆದುಕೊಂಡು ಹೋದರು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಹರಕೆ ಹೊತ್ತು ಬರಿಗಾಲಲ್ಲಿ ಗುಡ್ಡಾಪುರಕ್ಕೋ ಪಂಢರಪುರಕ್ಕೋ ಹೋಗುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿದ ಮಗಳಿಗೆ ಯೇಸುವಿನ ತಾಯಿಯ ಹೆಸರನ್ನೇ ಇಟ್ಟರು. ಅವಳ ಬೆನ್ನಿಗೆ ಬೌಲೋಸ್ ಎಂಬ ತಮ್ಮ ಹುಟ್ಟಿದ.

ಮಗಳಿಗೆ ಮೂರು ವರ್ಷ ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಮರಿಯಮ್ ತಂದೆಯ ಅಣ್ಣತಮ್ಮಂದಿರೊಬ್ಬರ ಮನೆಗೆ, ತಮ್ಮ ತಾಯಿಯ ಕಡೆಯವರ ಮನೆಗೆ ಹಂಚಿಹೋದರು. ಆ ಕಾಲದ ಒಂದು ಸಣ್ಣ ಪ್ರಸಂಗವನ್ನು ಆಕೆಯ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಹುಡುಗಿಗೆ ಆಡಲು ಎರಡು ಪುಟ್ಟ ಹಕ್ಕಿಗಳನ್ನು ಕೊಟ್ಟಿದ್ದರಂತೆ. ಪ್ರೀತಿಯಿಂದ ಅವಕ್ಕೆ ಮೀಸಲು ಹೋದಳು. ಹಕ್ಕಿಗಳು ಸತ್ತವು. ಅಳುತ್ತ ಮಣ್ಣು ಮಾಡುವಾಗ, ಎಲ್ಲವೂ ಹೀಗೇ ಹೋಗುವಂಥದ್ದು, ಮನಸ್ಸನ್ನು ತನಗೆ ಕೊಟ್ಟರೆ ತಾನು ಉಳಿಯುತ್ತೇನೆ ಎಂಬ ದನಿ ಒಳಗಿನಿಂದ ಕೇಳಿಸಿತಂತೆ. ಅಕ್ಷರ ಕಲಿಯದ ಆಕೆ ದೊಡ್ಡವಳಾದ ಮೇಲೂ ಇದನ್ನೇ ತನ್ನ ಮೊದಲ ಪಾಠವೆಂದು ಹೇಳುತ್ತಿದ್ದಳು.

ಎಂಟರ ಹೊತ್ತಿಗೆ ಚಿಕ್ಕಪ್ಪನ ಸಂಸಾರ ಈಜಿಪ್ತಿನ ಅಲೆಕ್ಸಾಂಡ್ರಿಯಾಕ್ಕೆ ಹೋಯಿತು. ಹದಿಮೂರನೆಯ ವರ್ಷಕ್ಕೆ, ಆ ಕಡೆಯ ಪದ್ಧತಿಯಂತೆ, ಇವಳನ್ನು ಕೇಳದೆ ಮದುವೆ ಗಟ್ಟಿಮಾಡಿದರು. ಹುಡುಗಿ ಒಲ್ಲೆ ಎಂದಳು. ಕೂದಲು ಕತ್ತರಿಸಿಕೊಂಡಳು. ಚಿಕ್ಕಪ್ಪ ಸಿಟ್ಟಿನಲ್ಲಿ ಅವಳನ್ನು ಅಡುಗೆಮನೆಗೆ ದೂಡಿ ಆಳಿಗಿಂತ ಕಡೆಯಾಗಿ ನಡೆಸಿಕೊಂಡರು. ಕೌಶಿಕನ ಅರಮನೆಯಿಂದ ಹೊರಟ ಅಕ್ಕನನ್ನು ಬಲ್ಲ ನಮಗೆ ಈ ಹಟದ ಜಾತಿ ಹೊಸದಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯುವುದು ಬೇಡ. ಅಕ್ಕನಿಗೆ ಮಾತಿತ್ತು, ವಚನವಿತ್ತು, ಅನುಭವ ಮಂಟಪದಲ್ಲಿ ಕೇಳುವ ಜನರಿದ್ದರು. ಈ ಹುಡುಗಿಗೆ ಓದು-ಬರಹವೂ ಇರಲಿಲ್ಲ, ತನ್ನವರೆನ್ನುವವರೂ ಇರಲಿಲ್ಲ.

ಊರಲ್ಲಿದ್ದ ತಮ್ಮನಿಗೆ ಸುದ್ದಿ ಮುಟ್ಟಿಸಬೇಕೆಂದು ಆಕೆ ಗುಟ್ಟಾಗಿ ಚಿಕ್ಕಪ್ಪನ ಮನೆಯ ಹಳೆಯ ಆಳೊಬ್ಬನ ಹತ್ತಿರ ಹೋದಳು. ಮಾತಿಗೆ ಮಾತು ಬೆಳೆದು ಅವನು ಧರ್ಮ ಬದಲಿಸು ಎಂದ, ಇವಳು ಆಗದು ಎಂದಳು. ಅವನು ಕತ್ತಿಯಿಂದ ಅವಳ ಗಂಟಲು ಕೊಯ್ದು, ಸತ್ತಳೆಂದು ತಿಳಿದು ಬೀದಿಯಲ್ಲಿ ಎಸೆದುಹೋದ. ಇದು ನಡೆದದ್ದು 1858ರ ಸೆಪ್ಟೆಂಬರಿನಲ್ಲಿ. ಎಚ್ಚರವಾದಾಗ ಗುಹೆಯಂಥ ಜಾಗದಲ್ಲಿ ನೀಲಿ ಉಡುಪಿನ ಒಬ್ಬ ಹೆಣ್ಣುಮಗಳು ತನಗೆ ಶುಶ್ರೂಷೆ ಮಾಡುತ್ತಿದ್ದಳೆಂದು, ಅವಳು ಮೇರಿಮಾತೆಯೇ ಎಂದು ಮರಿಯಮ್ ಕೊನೆಯವರೆಗೂ ನಂಬಿದ್ದಳು. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಕುತ್ತಿಗೆಯ ಮೇಲಿನ ಉದ್ದನೆಯ ಕಲೆ ಮಾತ್ರ ಸಾಯುವತನಕ ಹಾಗೇ ಇತ್ತು. ಅದನ್ನು ಕಂಡವರು ಬಹಳ ಮಂದಿ. ದನಿ ಗೊಗ್ಗರಾಗಿ ಉಳಿಯಿತು.

ಆ ಮೇಲೆ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಆಕೆ ಮನೆಗೆಲಸದವಳಾಗಿ ದುಡಿದಳು. ಬಡವರ ಮನೆಯನ್ನೇ ಆರಿಸಿಕೊಳ್ಳುತ್ತಿದ್ದಳಂತೆ. ಅಲ್ಲಿ ತನ್ನನ್ನು ಬಹಳ ಹೊಗಳತೊಡಗಿದರೆ ಕೆಲಸ ಬಿಟ್ಟು ಬೇರೆ ಮನೆ ಹುಡುಕುತ್ತಿದ್ದಳಂತೆ.

ಎರಡು ಬಗೆಯ ಸಿಸ್ಟರ್‌ಗಳು

ಈಗ ಹುಡುಗಿ ಕೇಳಿದ ಪ್ರಶ್ನೆಗೆ ಬರೋಣ. ಕಥೋಲಿಕ ಸನ್ಯಾಸಿನಿಯರೆಲ್ಲ ಮೂರು ವ್ರತ ಹಿಡಿಯುತ್ತಾರೆ: ಸ್ವಂತದ್ದೆಂದು ಏನೂ ಇಟ್ಟುಕೊಳ್ಳದ ಬಡತನ, ಬ್ರಹ್ಮಚರ್ಯ, ಮತ್ತು ವಿಧೇಯತೆ. ಮೊದಲೆರಡು ನಮಗೆ ಬೇಗ ತಿಳಿಯುತ್ತವೆ. ನಿಜವಾಗಿ ಕಠಿಣವಾದದ್ದು ಮೂರನೆಯದು. ಹಿರಿಯರು ಇಲ್ಲಿರು ಎಂದರೆ ಇರಬೇಕು, ಅಲ್ಲಿಗೆ ಹೋಗು ಎಂದರೆ ಹೋಗಬೇಕು. ಹಿರಿಯರ ತೀರ್ಮಾನ ತಪ್ಪಾಗಿದ್ದರೆ? ಆಗಲೂ ಹೋಗಬೇಕು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ವ್ರತ ಒಂದೇ ಆದರೂ ದಾರಿ ಎರಡು. ಶಾಲೆ, ದವಾಖಾನೆ, ಅನಾಥಾಲಯ ನಡೆಸುವವರು ಒಂದು ಕಡೆ. ಇನ್ನೊಂದು ಕಡೆ ಏಕಾಂತ ಮಠದವರು. ಅವರು ಒಮ್ಮೆ ಒಳಹೊಕ್ಕರೆ ಹೊರಗೆ ಬರುವುದು ಅಪರೂಪ. ಮೌನ, ಪ್ರಾರ್ಥನೆ, ಕೈಕೆಲಸ ಇಷ್ಟೇ ಅವರ ದಿನ. ಸ್ಪೇನಿನ ಅವಿಲಾ ಊರಿನ ತೆರೇಸಾ 1562ರಲ್ಲಿ ಕಾರ್ಮೆಲ್ ಮಠಗಳ ಸುಧಾರಣೆ ಶುರುಮಾಡಿದಾಗ ದಿನಕ್ಕೆ ಎರಡು ತಾಸು ಮೌನಪ್ರಾರ್ಥನೆಯನ್ನು ಕಡ್ಡಾಯ ಮಾಡಿದಳು. ಇವತ್ತಿಗೂ ಅದೇ ನಡೆದಿದೆ. ಏಕಾಂತ ಮಠದ ಒಳಗೂ ಆಗ ಎರಡು ಅಂತಸ್ತು. ಲತೀನ್ ಓದಬಲ್ಲವರು ಪ್ರಾರ್ಥನಾಮಂದಿರದಲ್ಲಿ ಕುಳಿತು ಹೊತ್ತುಹೊತ್ತಿನ ಕೀರ್ತನೆ ಹೇಳುವವರು, ಅವರಿಗೆ ಕಪ್ಪು ಮುಸುಕು. ಓದು ಬಾರದವರು ಅಡುಗೆ, ಬಟ್ಟೆ, ಕಸ, ತೋಟ ನೋಡಿಕೊಳ್ಳುವವರು, ಅವರಿಗೆ ಬಿಳಿ ಮುಸುಕು. ಕಾಯಕವನ್ನೇ ಪೂಜೆ ಎನ್ನುವ ನಮ್ಮ ಕಡೆಯವರಿಗೆ ಈ ಭೇದ ಸ್ವಲ್ಪ ಕಸಿವಿಸಿ ಮಾಡುತ್ತದೆ. ಮರಿಯಮ್‌ಳಿಗೆ ಮಾತ್ರ ಬಿಳಿ ಮುಸುಕೇ ಇಷ್ಟವಾಗಿತ್ತು.

ಆಕೆ ಮೊದಲು, 1865ರಲ್ಲಿ, ಮಾರ್ಸೇಲ್ಸಿನ ಸೇವಾನಿರತ ಸಿಸ್ಟರ್‌ಗಳ ಸಂಘವನ್ನು ಸೇರಲು ಹೋದಳು. ವಯಸ್ಸು ಹತ್ತೊಂಬತ್ತು, ನೋಡಿದರೆ ಹನ್ನೆರಡರ ಹುಡುಗಿ. ಫ್ರೆಂಚ್ ನಾಲಗೆಗೆ ಹತ್ತುತ್ತಿರಲಿಲ್ಲ, ಮೈಯಲ್ಲಿ ಕಸುವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರಾರ್ಥನೆಗೆ ಕುಳಿತರೆ ಮೈಮರೆಯುತ್ತಿದ್ದಳು. ಕೈಕಾಲುಗಳಲ್ಲಿ ಯೇಸುವಿನ ಶಿಲುಬೆಯ ಗಾಯಗಳಂಥ ಗಾಯ ಕಾಣಿಸಿಕೊಳ್ಳುತ್ತಿದ್ದವು. ಎರಡು ವರ್ಷದ ಬಳಿಕ ಅಲ್ಲಿನವರು ಈಕೆ ನಮ್ಮ ದಾರಿಗೆ ಹೊಂದುವವಳಲ್ಲ ಎಂದರು.

ಅಲ್ಲಿ ಅವಳ ಕೈಹಿಡಿದವರು ಮದರ್ ವೆರೋನಿಕಾ. ಕರ್ನಾಟಕದ ಹೆಣ್ಣುಮಕ್ಕಳ ಓದಿನ ಚರಿತ್ರೆಯಲ್ಲಿ ಈ ಹೆಸರು ದೊಡ್ಡದು. ಅವರ ಹುಟ್ಟುಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇಂಗ್ಲಿಷ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಆಮೇಲೆ ಕಥೋಲಿಕರಾದವರು. ಕಲ್ಲಿಕೋಟೆಯಲ್ಲಿ ಕೆಲಸ ಮಾಡಿ ಪಶ್ಚಿಮ ಕರಾವಳಿಯನ್ನು ಕಣ್ಣಾರೆ ಕಂಡಿದ್ದರು. ಅಲ್ಲಿನ ಹೆಣ್ಣುಮಕ್ಕಳಿಗೆ ಶಾಲೆ ತೆರೆಯಲು ಕಾರ್ಮೆಲ್ ಪಂಥದ್ದೇ ಒಂದು ಬೋಧಕ ಶಾಖೆ ಕಟ್ಟಬೇಕೆಂಬುದು ಅವರ ಸಂಕಲ್ಪ. ಅದಕ್ಕಾಗಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಹೊರಟಾಗ, 1867ರ ಜೂನ್‌ನಲ್ಲಿ, ಎಲ್ಲರೂ ಬೇಡವೆಂದ ಈ ಅರಬ್ಬಿ ಹುಡುಗಿಯನ್ನೂ ಜೊತೆಗೆ ಕರೆದೊಯ್ದರು. ಪೋ ಮಠ ಅವಳನ್ನು ಒಪ್ಪಿಕೊಂಡಿತು. ಅಲ್ಲಿ ಆಕೆಗೆ ‘ಶಿಲುಬೆಗೇರಿದ ಯೇಸುವಿನ ಮರಿಯ’ ಎಂಬ ಹೆಸರಿಟ್ಟರು. ಎಲ್ಲರೂ ಕರೆದದ್ದು ‘ಪುಟ್ಟ ಅರಬ್ಬಿ’ ಎಂದು.

ಮಂಗಳೂರಿನ ಎರಡು ವರ್ಷ

1870ರಲ್ಲಿ ಮಂಗಳೂರು ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟರು ಅಷ್ಟರಲ್ಲಾಗಲೇ ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಅಲ್ಲಿಂದಲೇ ಹೊರಟದ್ದು ನಮಗೆಲ್ಲ ಗೊತ್ತು. ಕಥೋಲಿಕರ ಹೊಣೆ ಆಗ ಕಾರ್ಮೆಲ್ ಪಂಥದ ಗುರುಗಳ ಕೈಯಲ್ಲಿತ್ತು. ಬಿಷಪ್ ಮರಿ ಎಫ್ರೆಮ್ ಎಂಬವರು ಊರಿಗೆ ಎರಡೂ ಬಗೆಯ ಸನ್ಯಾಸಿನಿಯರು ಬರಬೇಕೆಂದು ಬಯಸಿದರು: ಕಲಿಸುವವರು ಒಂದು ತಂಡ, ಏಕಾಂತದಲ್ಲಿ ಪ್ರಾರ್ಥಿಸುವವರು ಇನ್ನೊಂದು ತಂಡ.

ಏಕಾಂತದವರ ಮೊದಲ ತಂಡ ಆಗಸ್ಟ್‌ನಲ್ಲಿ ಪೋ ಬಿಟ್ಟಿತು. ಮರಿಯಮ್ ಅದರಲ್ಲಿದ್ದಳು. ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡು ತಿಂಗಳಾಗಿತ್ತಷ್ಟೆ. ಸೂಯೆಜ್ ಕಾಲುವೆ ತೆರೆದು ವರ್ಷ ತುಂಬಿರಲಿಲ್ಲ. ಮಂಗಳೂರು ಮುಟ್ಟುವ ಮೊದಲೇ ತಂಡದ ಮೂವರು ಸನ್ಯಾಸಿನಿಯರು ತೀರಿಹೋದರು. ಒಂದು ಹೊಸ ಮಠ ಕಟ್ಟಲು ಹೊರಟವರು, ಬೆರಳೆಣಿಕೆಯ ಜನ, ಅದರಲ್ಲಿ ಮೂವರು! ಫ್ರಾನ್ಸಿನಿಂದ ಮತ್ತೆ ಜನ ಬಂದ ಮೇಲೆ ಆ ವರ್ಷದ ಕೊನೆಗೆ ಮಠದ ಬಾಳು ಶುರುವಾಯಿತು. ಮದರ್ ವೆರೋನಿಕಾ ತಯಾರು ಮಾಡಿದ ಮೂವರು ಬೋಧಕ ಸಿಸ್ಟರ್‌ಗಳು, ಅಂದರೆ ಅಪೊಸ್ತೊಲಿಕ್ ಕಾರ್ಮೆಲ್ ಸಂಘದವರು, ನವೆಂಬರ್ 19ರಂದು ಮಂಗಳೂರಿಗೆ ಕಾಲಿಟ್ಟರು. ಇವರ ಸಂತತಿಯೇ ಮುಂದೆ ಬೆಳೆದು 1921ರಲ್ಲಿ ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು, 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಕಟ್ಟಿತು. ನಮ್ಮ ಹುಡುಗಿ ಕಂಡ ಎರಡು ಬಗೆಯ ಸಿಸ್ಟರ್‌ಗಳ ಬೇರು ಹೀಗೆ ಒಂದೇ ವರ್ಷದಲ್ಲಿ, ಒಂದೇ ಊರಿನಲ್ಲಿ ಇದೆ.

ಮರಿಯಮ್‌ಳ ಸ್ಥಿತಿ ಊಹಿಸಿ ನೋಡಿ. ಬೀದಿಯಲ್ಲಿ ತುಳು, ಕಥೋಲಿಕರ ಮನೆಗಳಲ್ಲಿ ಕೊಂಕಣಿ, ಕಚೇರಿ-ಶಾಲೆಗಳಲ್ಲಿ ಕನ್ನಡ. ಮಠದ ಒಳಗೆ ಫ್ರೆಂಚ್, ಪೂಜೆಗೆ ಲತೀನ್. ಆಕೆಗೆ ಬರುತ್ತಿದ್ದದ್ದು ಅರಬ್ಬಿ ಮತ್ತು ಮುರುಕು ಫ್ರೆಂಚ್. ಮನೆಯಲ್ಲಿ ಒಂದು ಮಾತು, ತಹಸೀಲಿಯಲ್ಲಿ ಇನ್ನೊಂದು ಮಾತು ಎಂದು ಬಾಳುವ ನಮಗೆ, ಮಾತು ಸಾಲದವನು ತಾನು ಹೇಳಬೇಕಾದ್ದನ್ನು ಅರ್ಧಕ್ಕೇ ನುಂಗುವುದು ಎಂಥ ಕಷ್ಟವೆಂದು ಗೊತ್ತು. ಕಾಗದ ಬರೆಯಬೇಕೆಂದರೂ ಆಕೆ ಬೇರೆಯವರ ಕೈಯಲ್ಲಿ ಬರೆಸಬೇಕಿತ್ತು.

ಕೆಲಸದಲ್ಲಿ ಯಾರೂ ಕೊರತೆ ಕಂಡಿಲ್ಲ. ಅಡುಗೆ, ಒಗೆತ, ಹೊಸ ಮಠದ ಸಾವಿರ ಚಾಕರಿ ಎಲ್ಲವನ್ನೂ ಮಾಡಿದಳು. ಆದರೆ ಮೈಮರೆಯುವುದು ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ನಿಂತಲ್ಲೇ ಮುಖ ಬೆಳಗುತ್ತಿತ್ತೆಂದು ಕೆಲವರು ಹೇಳಿದರು. ಸೈತಾನ ಹೊಕ್ಕಂತೆ ಒದ್ದಾಡುತ್ತಾಳೆ ಎಂದು ಕೆಲವರು ಅಂಜಿದರು. ಮೊದಮೊದಲು ಆಕೆಯನ್ನು ಗೌರವದಿಂದ ಕಂಡಿದ್ದ ಹಿರಿಯರಲ್ಲೇ ಇದು ದೇವರಿಂದ ಬಂದದ್ದೋ, ಭ್ರಮೆಯೋ, ನಟನೆಯೋ ಎಂಬ ಸಂಶಯ ಬೆಳೆಯಿತು. ಬಿಷಪ್ ಅವರ ನಂಬಿಕೆಯೂ ಅಲುಗಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ಸಂಶಯಪಟ್ಟವರನ್ನು ಕೆಟ್ಟವರೆಂದು ಬಗೆಯುವುದು ಸುಲಭ, ಆದರೆ ನ್ಯಾಯವಲ್ಲ. ಮೂರು ಹೆಣ ಕಡಲದಾರಿಯಲ್ಲಿ ಬಿಟ್ಟು, ಪರದೇಶದ ಸೆಕೆ-ಮಳೆಯಲ್ಲಿ ಹೊಸ ಮಠದ ಭಾರ ಹೊತ್ತವರು ಅವರು. ಕಣ್ಣೆದುರು ಒಬ್ಬಳು ನೆಲಕ್ಕೆ ಬಿದ್ದು ಒದ್ದಾಡಿದರೆ ಏನೆಂದುಕೊಳ್ಳಬೇಕು? ನಮ್ಮ ಊರುಗಳಲ್ಲೂ ಯಾರಿಗಾದರೂ ಮೈತುಂಬಿ ಬಂದರೆ ಅರ್ಧ ಊರು ಕೈಮುಗಿಯುತ್ತದೆ, ಉಳಿದರ್ಧ ಗೋಡೆಯ ಮರೆಯಲ್ಲಿ ನಗುತ್ತದೆ. ಕಥೋಲಿಕ ಸಭೆಯೂ ಇಂಥ ಸಂಗತಿಗಳನ್ನು ಕಂಡರೆ ಮೊದಲು ಅನುಮಾನಿಸುತ್ತದೆ. ಯಾರನ್ನಾದರೂ ಸಂತರೆಂದು ಸಾರುವ ಮುಂಚೆ ಅದು ತೂಗಿ ನೋಡುವುದು ಬದುಕಿನ ನಡತೆಯನ್ನು: ತಾಳ್ಮೆ, ದಯೆ, ದೈನ್ಯ, ಕೊಟ್ಟ ಮಾತು. ಮೈಮರೆವು, ಗಾಯಗಳು ಇವಕ್ಕೆ ಆ ಲೆಕ್ಕದಲ್ಲಿ ದೊಡ್ಡ ಬೆಲೆಯಿಲ್ಲ.

ಗೊತ್ತುಮಾಡಿದ ದಿನವೇ, 1871ರ ನವೆಂಬರ್ 21ರಂದು, ಮಂಗಳೂರಿನ ಮಠದಲ್ಲಿ ಮರಿಯಮ್ ಕಡೆಯವರೆಗಿನ ವ್ರತ ಹಿಡಿದಳು. ಹತ್ತೊಂಬತ್ತಕ್ಕೆ ಮಾರ್ಸೇಲ್ಸಿನಲ್ಲಿ ಬಾಗಿಲು ತಟ್ಟಿದವಳಿಗೆ ಇಪ್ಪತ್ತೈದಕ್ಕೆ ಮಂಗಳೂರಿನಲ್ಲಿ ಅದು ಕೈಗೂಡಿತು. ಆದರೂ ಮನಸ್ತಾಪ ಆರಲಿಲ್ಲ. ಮರುವರ್ಷ, 1872ರಲ್ಲಿ, ಆಕೆಯನ್ನು ಪೋ ಮಠಕ್ಕೆ ಹಿಂದಕ್ಕೆ ಕಳಿಸಲಾಯಿತು.

ವ್ರತದ ಮೂರನೆಯ ಮಾತು ನೆನಪಿದೆಯಲ್ಲ, ವಿಧೇಯತೆ. ಅದನ್ನು ಒಪ್ಪಿಕೊಂಡು ವರ್ಷ ತಿರುಗುವುದರೊಳಗೆ ಅದರ ಬೆಲೆ ತೆರಬೇಕಾಯಿತು. ಹೋಗು ಎಂದರು, ಹೋದಳು. ಬಿಷಪ್ ಮರಿ ಎಫ್ರೆಮ್ 1873ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಪೋ ಮಠದಲ್ಲಿ ಮರಿಯಮ್ ಮತ್ತೆ ಬಿಳಿ ಮುಸುಕಿನಲ್ಲಿ ಅಡುಗೆಮನೆಗೆ, ಬಟ್ಟೆ ಒಗೆಯುವ ಕಲ್ಲಿಗೆ ಮರಳಿದಳು. ತನ್ನನ್ನು ತಾನು ‘ಪುಟ್ಟ ಸೊನ್ನೆ’ ಎಂದು ಕರೆದುಕೊಳ್ಳುತ್ತಿದ್ದಳು.

ಬೆತ್ಲೆಹೇಮ್

ಮುಂದಿನದು ನಮಗೆ ಬಹಳ ಹಿಡಿಸಿದ ಭಾಗ. ಬೆತ್ಲೆಹೇಮಿನಲ್ಲಿ ಒಂದು ಕಾರ್ಮೆಲ್ ಮಠ ಆಗಬೇಕೆಂದು ಮರಿಯಮ್ ಹಟ ಹಿಡಿದಳು. ತನ್ನ ತಂದೆ ತಾಯಿ ಹರಕೆ ಹೊತ್ತು ನಡೆದುಹೋದ ಊರು ಅದು. ಮಠಕ್ಕೆ ಹಣ ಬೇಕು, ರೋಮಿನ ಅಪ್ಪಣೆ ಬೇಕು. ಹೆಬ್ಬೆಟ್ಟಿನ ಸನ್ಯಾಸಿನಿಯ ಮಾತು ಯಾರು ಕೇಳಬೇಕು? ಆದರೂ ಅಪ್ಪಣೆ ಸಿಕ್ಕಿತು. ಪೋ ಊರಿನ ಬೆರ್ತ್ ದಾರ್ತಿಗೋ ಎಂಬ ಸ್ಥಿತಿವಂತ ಹೆಣ್ಣುಮಗಳು ಹಣ ಕೊಟ್ಟಳು. 1875ರ ಸೆಪ್ಟೆಂಬರಿನಲ್ಲಿ ಸನ್ಯಾಸಿನಿಯರ ಚಿಕ್ಕ ತಂಡ ಬೆತ್ಲೆಹೇಮ್ ಮುಟ್ಟಿತು.

ಅಲ್ಲಿ ಎಲ್ಲ ತಿರುಗುಮುರುಗಾಯಿತು. ಗೌಂಡಿಗಳು, ಕಲ್ಲು ಕಡಿಯುವವರು, ಸುಣ್ಣ ತರುವವರು, ಜಮೀನು ಮಾರುವವರು, ಎಲ್ಲರೂ ಅರಬ್ಬಿ ಮಾತಿನವರು. ಫ್ರೆಂಚ್ ಬಲ್ಲ ಹಿರಿಯ ಸಿಸ್ಟರ್‌ಗಳೆಲ್ಲ ಮೂಕರು. ಮಾತು ಬರುತ್ತಿದ್ದವಳು ಮರಿಯಮ್ ಒಬ್ಬಳೇ. ಮಾರ್ಸೇಲ್ಸಿನಲ್ಲಿ, ಮಂಗಳೂರಿನಲ್ಲಿ ಆಕೆಯ ಕೊರತೆಯಾಗಿದ್ದ ತಾಯಿಮಾತೇ ಇಲ್ಲಿ ಮಠವನ್ನು ಕಟ್ಟಿತು. ಜಾಗ ಆರಿಸಿದ್ದು ಆಕೆ, ಕಟ್ಟಡದ ನಕ್ಷೆ ಹೇಳಿದ್ದು ಆಕೆ, ಕೆಲಸ ಮಾಡಿಸಿದ್ದು ಆಕೆ. ಒಂದು ಅಕ್ಷರ ಬರೆಯಲು ಬಾರದವಳು ದಾವೀದನ ಗುಡ್ಡ ಎನ್ನುವ ದಿನ್ನೆಯ ಮೇಲೆ ಕಲ್ಲಿನ ಮಠ ಎಬ್ಬಿಸಿದಳು. ಕೂಲಿಯವರ ಕಷ್ಟಸುಖ ಅವರ ಮಾತಿನಲ್ಲೇ ವಿಚಾರಿಸುತ್ತಿದ್ದಳು. 1876ರ ನವೆಂಬರ್ 21ರಂದು ಸನ್ಯಾಸಿನಿಯರು ಹೊಸ ಮಠಕ್ಕೆ ಒಕ್ಕಲಾದರು. ಮಂಗಳೂರಿನಲ್ಲಿ ವ್ರತ ಹಿಡಿದ ಅದೇ ತಾರೀಖು, ಐದು ವರ್ಷದ ಮೇಲೆ.

ಅಲ್ಲಿಗೆ ಮುಗಿಸಲಿಲ್ಲ. ನಜರೇತಿನಲ್ಲೂ ಮಠ ಆಗಲೆಂದು ಓಡಾಡಿದಳು. ಬೆತ್ಲೆಹೇಮಿನ ಕಟ್ಟಡದ ಕೆಲಸ ಇನ್ನೂ ಬಾಕಿ ಇತ್ತು. 1878ರ ಆಗಸ್ಟ್, ಆ ಸೀಮೆಯಲ್ಲಿ ಬಿಸಿಲು ಸುಡುವ ತಿಂಗಳು. ಗೌಂಡಿಗಳಿಗೆ ಕುಡಿಯಲು ನೀರು ಒಯ್ಯುತ್ತಿದ್ದಾಗ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ತೋಳು ಮುರಿಯಿತು. ಗಾಯ ಕೊಳೆಯತೊಡಗಿತು.

ಈಗಿನವರಿಗೆ ಕೈ ಮುರಿದು ಸಾಯುವುದು ವಿಚಿತ್ರ ಅನ್ನಿಸಬಹುದು. ಗಾಯಕ್ಕೆ ನಂಜು ಏರದಂತೆ ಶುದ್ಧಮಾಡುವ ಪದ್ಧತಿಯನ್ನು ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅದು ಯುರೋಪಿನ ದವಾಖಾನೆಗಳಲ್ಲೇ ಇನ್ನೂ ಪೂರ್ತಿ ರೂಢಿಗೆ ಬಂದಿರಲಿಲ್ಲ. ಪೆನ್ಸಿಲಿನ್ ಪತ್ತೆಯಾಗಲು ಐವತ್ತು ವರ್ಷ ಇತ್ತು. ಮಾಂಸ ಕೊಳೆತು ನಂಜು ಮೈಗೇರಿದರೆ ಕಾಯುವುದಷ್ಟೇ ಉಳಿದದ್ದು. ಹೊಲದಲ್ಲಿ ಕುಡಗೋಲು ತಾಗಿ, ಗಾಯ ಕೆಟ್ಟು, ವಾರದೊಳಗೆ ಹೋದವರ ಸುದ್ದಿಯನ್ನು ನಮ್ಮ ಮುತ್ತಜ್ಜಂದಿರೂ ಹೇಳುತ್ತಿದ್ದರು.

ಕೆಲವೇ ದಿನ. ಆಗಸ್ಟ್ 26ರ ಬೆಳಗಿನಲ್ಲಿ ಮರಿಯಮ್ ಪ್ರಾಣ ಬಿಟ್ಟಳು. ವಯಸ್ಸು ಮೂವತ್ತೆರಡು. ತಾನೇ ಕಟ್ಟಿಸಿದ ಮಠದಲ್ಲೇ ಆಕೆಯನ್ನು ಮಣ್ಣು ಮಾಡಿದರು. ಹೃದಯವನ್ನು, ಆ ಕಾಲದ ಒಂದು ಪದ್ಧತಿಯಂತೆ, ಪೋ ಮಠಕ್ಕೆ ಒಯ್ದರು.

ಮದರ್ ವೆರೋನಿಕಾ ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದ್ದು 1906ರಲ್ಲಿ ಪೋ ಊರಿನಲ್ಲಿ ತೀರಿಕೊಂಡರು. ಶಾಲೆ ಕಟ್ಟುವ ಸಂಘ ಹುಟ್ಟುಹಾಕಿದವರು ಕೊನೆಗಾಲವನ್ನು ಏಕಾಂತ ಮಠದಲ್ಲಿ ಕಳೆದರು. ಏಕಾಂತದವಳಾಗಿದ್ದ ಮರಿಯಮ್ ಗೌಂಡಿಗಳ ನಡುವೆ ಬಿದ್ದು ಸತ್ತಳು.

ಸಂತರೆಂದು ಸಾರುವ ಕೆಲಸ ಕಥೋಲಿಕರಲ್ಲಿ ನಿಧಾನ. ಬದುಕಿನ ವಿಚಾರಣೆ, ಬರಹ-ಸಾಕ್ಷಿಗಳ ಪರಿಶೀಲನೆ, ಪ್ರಾರ್ಥನೆಯಿಂದ ಆದ ಪವಾಡವೆಂದು ಹೇಳುವ ಘಟನೆಯ ವೈದ್ಯಕೀಯ ತನಿಖೆ, ಹೀಗೆ ಒಂದೊಂದು ಮೆಟ್ಟಿಲಿಗೂ ದಶಕಗಳು ಹಿಡಿಯುತ್ತವೆ. ಮರಿಯಮ್‌ಳನ್ನು 1983ರ ನವೆಂಬರ್ 13ರಂದು ಪೋಪ್ ಎರಡನೆಯ ಜಾನ್ ಪಾಲ್ ಧನ್ಯಳೆಂದೂ, 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತಳೆಂದೂ ಸಾರಿದರು. ಅಂದು ರೋಮಿನಲ್ಲಿ ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಕೂಡ ಹಾಜರಿದ್ದರು. ಅದೇ ವರ್ಷದ ಜನವರಿಯಲ್ಲಿ ಸಂತರಾದ ಗೋವೆಯ ಜೋಸೆಫ್ ವಾಜ್ ಅವರೂ 1680ರ ದಶಕದಲ್ಲಿ ಇದೇ ಕೆನರಾ ಕರಾವಳಿಯಲ್ಲಿ ಓಡಾಡಿ ದುಡಿದವರು. ಒಂದೇ ವರ್ಷದಲ್ಲಿ ನಮ್ಮ ಕರಾವಳಿಯ ನಂಟಿನ ಇಬ್ಬರು! ಆಗ ನಮ್ಮ ಗಡಿಭಾಗದ ಯಾರ ಗಮನಕ್ಕೂ ಇದು ಬಂದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ಧರ್ಮಸ್ಥಳ, ಕಟೀಲು, ಉಡುಪಿ ಎಂದು ಪ್ರವಾಸ ಹೋಗುವ ನಮ್ಮ ಬಂಧುಗಳು ಮಂಗಳೂರಿಗೂ ಒಂದು ದಿನ ಇಟ್ಟುಕೊಳ್ಳುತ್ತಾರೆ. ಏಕಾಂತ ಮಠದ ಒಳಗೆ ಪ್ರವೇಶವಿಲ್ಲ, ಅಲ್ಲಿ ಯಾರನ್ನೂ ಕಾಡಬೇಡಿ. 1870ರಲ್ಲಿ ಆರಂಭವಾದ ಮೌನ ಆ ಊರಿನಲ್ಲಿ ಇನ್ನೂ ನಡೆದಿದೆ. ಪ್ರಶ್ನೆ ಕೇಳಿದ ಹುಡುಗಿ ಇದನ್ನು ಓದಿ, ‘ಬೆತ್ಲೆಹೇಮಿಗೆ ಹೋಗಿ ಮಠ ಕಟ್ಟಿದ ಮ್ಯಾಲೆ ಮಂಗಳೂರಿನವರಿಗೆ ಅಕಿ ಏನರ ಹೇಳಿ ಕಳಿಸಿದಳೇನು?’ ಎಂದು ಮತ್ತೊಂದು ಪ್ರಶ್ನೆ ಇಟ್ಟಿದ್ದಾಳೆ. ಹುಡುಕುತ್ತಿದ್ದೇವೆ.